ಮಲ್ಲೇಶಪ್ಪ ಹಿಡಿದಿಟ್ಟ ಸರದಿ

ಬಯ್ಯುವ ಮೊದಲು ಮಲ್ಲೇಶಪ್ಪನವರು ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. ಕಾಚಿಗೂಡದಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ಮನೆ. ಯಾದಗಿರಿ ಕಡೆಯವರು, ಬಾಲಾನಗರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತರಾಗಿದ್ದರು. ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೀಲಿಮಣೆ ಕುಟ್ಟುವ ನನ್ನಂಥವರು ಅವರ ಪಾಲಿಗೆ ಲೆಕ್ಕಕ್ಕುಂಟು ಆಟಕ್ಕಿಲ್ಲ. "ಇಂಜಿನಿಯರ್ ಅಂತಾರ, ಬಲ್ಬ್ ಹೋದ್ರ ನನ್ನ ಕರೀತಾರ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಆಸೆಗೆ ಒಮ್ಮೆ ಅವರನ್ನು ನಮ್ಮ ಆಫೀಸಿನ ಕೆಳಗಿನ ಕಾಫಿ ಅಂಗಡಿಗೆ ಕರೆದೊಯ್ದೆ. ಕುತ್ತಿಗೆಗೆ ಬಿಲ್ಲೆ ನೇತುಹಾಕಿಕೊಂಡ ನಮ್ಮ ಜನ ಬೀದಿಯವರೆಗೆ ಸಾಲುಗಟ್ಟಿದ್ದರು. ಮಲ್ಲೇಶಪ್ಪನವರು ಕನ್ನಡಕ ಒರೆಸಿದರು. "ಪುಕಟ್ ಕೊಟ್ರ ಫಿನಾಯಿಲ್‌ಗೂ ನಿಂದರ್ತೀರಿ ನೀವು." ನಾನು ಹಲ್ಲು ಕಿರಿದೆ.

ಓಟಿನ ವಿಷಯದಲ್ಲಿ ಮಾತ್ರ ಅವರಿಗೆ ಕೊಂಕಿಲ್ಲ. ಒಂದನ್ನೂ ತಪ್ಪಿಸಿದವರಲ್ಲ. ನನ್ನ ಹೆಸರು ಪಟ್ಟಿಗೆ ಸೇರಿಸಲು ತಾವೇ ಮೂರು ಸಲ ಕಚೇರಿಗೆ ಅಲೆದಿದ್ದರು. "ನಿಮ್ದು ಮೊದಲ್ನೇ ಓಟು. ಕೂಡೇ ಹೋಗೂಣ್ರಿ" ಎಂದಿದ್ದರು.

ಮತದಾನದ ದಿನ ಆಫೀಸಿಗೆ ರಜೆ. ಶಾಯಿ ಹಚ್ಚಿದ ಬೆರಳು ತೋರಿಸಿದವರಿಗೆ ಅದೇ ಅಂಗಡಿಯಲ್ಲಿ ಬಿಟ್ಟಿ ಕಾಫಿ. ಬಿಸಿಲಲ್ಲಿ ನಿಲ್ಲುವ ದಡ್ಡರು ನಾವಲ್ಲವಲ್ಲ! ಗೆಳೆಯನೊಬ್ಬ ಮಾರ್ಕರ್ ಪೆನ್ನಿನಿಂದ ಎಲ್ಲರ ಬೆರಳಿಗೂ ಗೆರೆ ಎಳೆದ. ದೇಶ ಉದ್ಧಾರ ಮಾಡಿದವರ ಗತ್ತಿನಲ್ಲಿ ಕುಡಿದೆವು. ನಡುವೆ ಮಲ್ಲೇಶಪ್ಪನವರ ಫೋನು: "ಸಾಲಿನ್ಯಾಗ ನಿಂತೀನ್ರಿ, ಎಲ್ಲಿದ್ದೀರಿ?" "ದಾರಿಯಲ್ಲಿದ್ದೇನೆ" ಎಂದೆ. ಮೂರು ಸಲ ಕೇಳಿದರು, ಮೂರು ಸಲವೂ ಅದೇ ಸುಳ್ಳು.

ಸಂಜೆ ನಾನು ಮತಗಟ್ಟೆಯ ಶಾಲೆಗೆ ಹೋದಾಗ ಗೇಟು ಹಾಕಿತ್ತು. ಹೊರಗೆ ಇಸ್ತ್ರಿ ಅಂಗಿಯಲ್ಲಿ ಮಲ್ಲೇಶಪ್ಪನವರು ಒಬ್ಬರೇ. ಸರದಿ ಬಂದಾಗೆಲ್ಲ ಹಿಂದಿನವರನ್ನು ಮುಂದೆ ಬಿಟ್ಟು ನನಗಾಗಿ ಕಾದಿದ್ದರು. ಕೊನೆಗೆ ನಾನು ಬಂದೆನೇ ಎಂದು ನೋಡಲು ಹೊರಗೆ ಬಂದಾಗಲೇ ಗೇಟು ಮುಚ್ಚಿಬಿಟ್ಟಿದ್ದರು. "ಟೈಮ್ ಹೋಗಯಾ ಚಾಚಾ, ಜಾವ್" ಎನ್ನುತ್ತಿದ್ದ ಪೊಲೀಸಿನವನು.

ನನ್ನ ಬೆರಳು ಕಂಡದ್ದೇ ಅವರ ಮುಖ ಅರಳಿತು. "ಬ್ಯಾರೆ ಗೇಟಿಂದ ಹೋಗಿ ಹಾಕಿ ಬಂದ್ರೇನು? ನಂದು ಹೋದ್ರ ಹೋಗ್ಲಿ ಬಿಡ್ರಿ." ನಾನು ನಾಚಿಕೆಗೆಟ್ಟು ಹೂಂ ಅಂದೆ. ಅವರು ಇನ್ನೊಮ್ಮೆ ನೋಡಿದರು.

"ಶಾಯಿ ಎಡಗೈಗೆ ಹಚ್ತಾರ್ರಿ" ಎಂದರು, ಮೆಲ್ಲಗೆ.

ಬಯ್ದಿದ್ದರೆ ಚೆನ್ನಾಗಿತ್ತು. ಮುಂದೆ ಅವರು ನನ್ನನ್ನು ಬಯ್ಯಲೇ ಇಲ್ಲ. ಅದೇ ಮಳೆಗಾಲದಲ್ಲಿ ತೀರಿಕೊಂಡರು. ಜೀವಮಾನದಲ್ಲಿ ಅವರು ತಪ್ಪಿಸಿದ್ದು ಅದೊಂದೇ ಓಟು, ಅದೂ ನನ್ನಿಂದ.