ಮಗಳು ಕಾಣೆ, ತಮ್ಮಗ ವಕೀಲ್ರು

ಶಹಾಪುರದ ಬಸ್ ಸ್ಟ್ಯಾಂಡಿನಿಂದ ನನ್ನ ಮಗಳು ಕಾಣೆಯಾದಾಗ ಆಕಿಗೆ ಏಳು ವರ್ಷ. ಸಾಲಿ ಸೂಟಿ ಅಂತ ತವರಿಗೆ, ದೋರನಹಳ್ಳಿಗೆ ಕಳಿಸಿದ್ದೆ. ನಾನು ಸುರಪುರದಾಗ ಗಂಡನ ಕಿರಾಣಿ ಅಂಗಡ್ಯಾಗ ಕೂತಿದ್ದೆ. ನನ್ನ ತಮ್ಮ ಆಕಿನ್ನ ಕರ್ಕೊಂಡು ಶಹಾಪುರದ ಸಂತಿಗೆ ಹೋಗಿದ್ದ. ತಿರುಗಿ ಊರಿಗೆ ಹೊಂಡೂ ಮುಂದ, ಬಾಳಿಹಣ್ಣು ತರ್ತೀನಿ ಇಲ್ಲೇ ಕೂಡು ಅಂತ ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕೂಡಿಸಿ ಹೋಗ್ಯಾನ. ಹಣ್ಣು ತಗೊಂಡು ಬಂದು ನೋಡಿದ್ರ ಕೂಸಿಲ್ಲ.

"ಅಕ್ಕಾ, ಹುಡುಗಿ ಏನಾರ ಸುರಪುರದ ಬಸ್ ಹತ್ತಿ ನಿಮ್ಮ ಕಡಿಗಿ ಬಂದಾಳೇನು?" ಅಂತ ಫೋನ್ ಮಾಡಿದ.

"ಕೈಯಾಗ ಇದ್ದಾಕಿನ್ನ ಬಿಟ್ಟು ನನ್ನ ಕೇಳ್ತೀಯಲ್ಲೋ ಮೂರ್ಖಾ!" ಅಂತ ಒದರಿದೆ. ಅಂಗಡ್ಯಾಗ ಸಕ್ರಿ ತೂಗಿಸ್ಕೊಳ್ಳಾಕತ್ತಿದ್ದ ಹೆಣ್ಣುಮಗಳು ಹೆದರಿ ಚೀಲ ಅಲ್ಲೇ ಬಿಟ್ಟು ಹೋದ್ಲು.

ಫಿರ್ಯಾದಿ ಕೊಟ್ವಿ. ಯಾವ ಠಾಣಾ ಅಂತ ಬರಿಯೂದಿಲ್ಲ. ಅಲ್ಲಿದ್ದವರು ತಮ್ಮ ಕೆಲಸ ತಾವು ಮಾಡಿದ್ರು, ಅವರ ಮ್ಯಾಲ ನನಗೆ ಹಗೆತನ ಇಲ್ಲ. ನನ್ನ ತಮ್ಮ ಹೇಳಿದಂಗ ಮೊದಲು ಸುರಪುರದ ಬಸ್ಸಿನ ಕಂಡಕ್ಟರ್‌ಗಳನ್ನೆಲ್ಲ ಕೇಳಿದ್ರು. ಒಬ್ರೂ ಆಕಿನ್ನ ನೋಡಿಲ್ಲ ಅಂದ್ರು. ಕ್ಯಾಮೆರಾದಾಗ ನೋಡಿದ್ರ ಸಂತಿ ಗದ್ದಲ, ಬರೇ ತಲಿ, ಬುಟ್ಟಿ, ಚೀಲ. ಮಗಳ ಫೋಟೋ ಎಲ್ಲಾರ ಮೊಬೈಲಿಗೂ ಹೋತು. ಅದರ ಕೆಳಗ ಯಾವನೋ ಬರದಿದ್ದ, "ಮೊದಲು ಸೋದರಮಾವನ್ನ ಒದ್ದು ಕೇಳ್ರಿ." ಅದನ್ನ ಓದಿದಾಗ ನನಗೆ ಎಷ್ಟು ಉರೀತು ಅಂದ್ರ, ಬರದವ ಎದುರಿಗಿ ಸಿಕ್ಕಿದ್ದರ ಹಲ್ಲು ಉದುರಿಸ್ತಿದ್ದೆ.

ಒಂದೆರಡು ದಿನ ಆದ ಮ್ಯಾಲ ನನ್ನ ತಮ್ಮ ತಾನಾಗೇ ಠಾಣಾಕ್ಕ ಹೋಗಿ, "ಸಾಹೇಬ್ರ, ವನದುರ್ಗದ ಕಡಿಗಿ ಕೆನಾಲ್ ದಂಡಿಗಿ ಒಮ್ಮೆ ನೋಡ್ರಿ" ಅಂದ.

"ಯಾಕ? ಅಲ್ಲೇನದ?"

"ಸುಮ್ನ ಮನಸ್ಸಿಗಿ ಬಂತ್ರಿ."

ಪೊಲೀಸ್ರ ಮುಂದ ಹಿಂಗ ಅಂದ್ರ ಯಾರು ಬಿಡ್ತಾರ? ಕೆನಾಲ್ ದಂಡಿ ಹುಡುಕಿಸಿದ್ರು. ಜಾಲಿ ಗಿಡದ ಬುಡಕ್ಕ ಸಣ್ಣ ಹುಡುಗ್ಯಾರ ಗುಲಾಬಿ ಬಣ್ಣದ ಚಪ್ಪಲಿ ಒಂದು ಸಿಕ್ತು. ನನ್ನ ಕರಸಿದ್ರು. ನಮ್ಮ ಮನಿಯವ್ರು ರಟ್ಟಿ ಹಿಡಕೊಂಡು ಕರ್ಕೊಂಡು ಹೋದ್ರು. ಮೇಜಿನ ಮ್ಯಾಲ ಪೇಪರ್ ಹಾಸಿ ಚಪ್ಪಲಿ ಇಟ್ಟಿದ್ರು. ನನ್ನ ಮಗಳದೂ ಗುಲಾಬಿನೇ. ಆದ್ರ ಆಕಿದು ಹಿಮ್ಮಡಿ ಪಟ್ಟಿ ಕಿತ್ತಿತ್ತು, ನಾನೇ ದಬ್ಬಣ ತಗೊಂಡು ಕರೀ ದಾರದಾಗ ಹೊಲದಿದ್ದೆ. ಇದರಾಗ ಹೊಲಿಗಿ ಇರಲಿಲ್ಲ.

"ಇದು ನನ್ನ ಮಗಳದಲ್ರಿ" ಅಂದೆ.

ಸಾಹೇಬ್ರು ನನ್ನ ಮಾರಿ ನೋಡಿದ್ರು. "ಬರೋಬ್ಬರಿ ನೋಡ್ರಿ. ತಮ್ಮ ಅಂತ ಮುಚ್ಚಬ್ಯಾಡ್ರಿ."

"ಹಡದಾಕಿ ನಾನದೀನ್ರಿ! ನನ್ನ ಕೂಸಿನ ಚಪ್ಪಲಿ ನನಗೆ ಗೊತ್ತಾಗೂದಿಲ್ಲೇನು?" ಅಂದೆ. ದನಿ ಏರಿತು. ನಮ್ಮ ಮನಿಯವ್ರು "ಸುಮ್ನಿರು" ಅಂತ ಸೆರಗು ಜಗ್ಗಿದ್ರು. ಅಲ್ಲಿಂದ ಹೊರಗ ಬರೂತನಕ ಅವರು ನನ್ನ ಮಾರಿ ನೋಡಲಿಲ್ಲ.

ಅವತ್ತಿನಿಂದ ನನ್ನ ತಮ್ಮಗ ದಿನಾ ಮುಂಜಾನೆ ಕರೆ ಬರಾಕತ್ತಿತು. ಹೊತ್ತು ಮುಳಗೂತನಕ ಕೂಡಿಸ್ಕೊಂಡು ಕೇಳಿದ್ದನ್ನೇ ಕೇಳೂದು. ಸುರಪುರದ ಬಸ್ಸು ಅಂದಿ, ಅದು ಸುಳ್ಳಾತು. ಕೆನಾಲ್ ಅಂದಿ, ಅಲ್ಲಿ ಚಪ್ಪಲಿ ಸಿಕ್ತು. ನಿನಗ ಹ್ಯಾಂಗ ಗೊತ್ತು? ಇವ ಏನು ಕೇಳಿದ್ರೂ "ಗೊತ್ತಿಲ್ರಿ" ಅನ್ನೂದೊಂದೇ. ನಾನು ದೋರನಹಳ್ಳಿಗಿ ಹೋದಾಗ ನೋಡಿದ್ರ, ಸಂಜೀಕ ಮನಿಗಿ ಬಂದು ಚಹಾದ ಬಟ್ಟಲ ಮುಟ್ಟದಂಗ ಕೂಡ್ತಿದ್ದ. "ಹೊಡದ್ರೇನೋ?" ಅಂದ್ರ ಇಲ್ಲ ಅಂತ ತಲಿ ಅಲ್ಲಾಡಿಸ್ತಿದ್ದ. "ಮತ್ತ?" ಅಂದ್ರ ಗ್ವಾಡಿ ನೋಡ್ತಿದ್ದ.

ಒಬ್ಬ ವಕೀಲ್ರನ್ನ ಇಡೂಣು ಅಂತ ಮೊದಲು ಬಾಯಿ ಬಿಟ್ಟಾಕಿ ನಾನೇ. ನಮ್ಮ ಮನಿಯವ್ರು ಉಣ್ಣಾಕತ್ತಿದ್ದವರು ಗಂಗಾಳ ಸರಿಸಿ ಎದ್ದರು.

"ಗುನ್ನೆ ಮಾಡದವಗ ವಕೀಲ ಯಾಕ? ವಕೀಲನ್ನ ಹಿಡದಾನ ಅಂದ್ರ ಇಡೀ ಸುರಪುರ ಏನಂತದ? ಒಪ್ಪಿಕೊಂಡಂಗ ಆತಲ್ಲ!"

ನಮ್ಮ ಅತ್ತಿ ಬಾಗಲದಾಗ ನಿಂತು, "ನೋಡವಾ, ನೀ ಮಗಳ ಕಡಿಗಿ ಅದೀಯೋ, ತಮ್ಮನ ಕಡಿಗಿ ಅದೀಯೋ? ಇವತ್ತ ಹೇಳಿಬಿಡು" ಅಂದ್ರು.

ನಾನು ಯಾರಿಗೂ ಜವಾಬು ಬಾಕಿ ಇಡೂ ಪೈಕಿ ಅಲ್ಲ. ಅವತ್ತು ಮಾತ್ರ ಆ ಗಂಗಾಳ ಎತ್ತಿಕೊಂಡು ಒಳಗ ಹೋದೆ. ಖರೆ ಹೇಳ್ತೀನಿ, ನನಗೂ ಅವನ ಮ್ಯಾಲ ಗುಮಾನಿ ಬಂದಿತ್ತು. ನನ್ನ ಬೆನ್ನ ಮ್ಯಾಲ ಬೆಳದ ಹುಡುಗ, ನನ್ನ ಮಗಳನ್ನ ಹೆಗಲ ಮ್ಯಾಲ ಹೊತ್ತು ಊರ ತುಂಬ ತಿರುಗಿದವ. ಆದ್ರೂ ಕೆನಾಲ್ ಹೆಸರು ಯಾಕ ತಗೊಂಡ? ಅದಕ್ಕಿಂತ ದೊಡ್ಡ ಅಂಜಿಕಿ ಇನ್ನೊಂದಿತ್ತು. ವಕೀಲ್ರು ಬಂದ್ರು ಅಂತ ಪೊಲೀಸ್ರು ಸಿಟ್ಟಿಗೆದ್ದು ನನ್ನ ಕೂಸನ್ನ ಹುಡುಕೂದ ಬಿಟ್ಟುಬಿಟ್ರ? ತಮ್ಮನ್ನ ಉಳಿಸಾಕ ಹೋಗಿ ಮಗಳನ್ನ ನಾನೇ ಕಳಕೊಂಡ್ರ? 

ಆದ್ರೂ ಯಾದಗಿರಿಗಿ ಹೋದೆ. ಫೋಟೋ ಹಚ್ಚಾಕ ಹೊಂಟೀನಿ ಅಂತ ಮನ್ಯಾಗ ಸುಳ್ಳು ಹೇಳಿದೆ. ಕೋರ್ಟಿನ ಸಮೀಪ ಒಬ್ರು ಹೆಣ್ಣುಮಗಳು ವಕೀಲ್ರು ಇದ್ರು, ವಯಸ್ಸಾದವ್ರು, ಮಾತು ಕಡಿಮಿ. ನಾನು ಅಳಕೋತ ಹೇಳಿದ್ದೆಲ್ಲ ಕೇಳಿ, "ಯಾವುದಾರ ಕಾಗದಕ್ಕ ಸಹಿ ಹಾಕ್ಯಾನೇನು?" ಅಂದ್ರು.

"ಇಲ್ರಿ."

"ಛಲೋ ಆತು. ನಿಮಗ ಏನು ಅಂಜಿಕಿ? ಪೊಲೀಸ್ರು ಹುಡುಕೂದ ಬಿಡ್ತಾರ ಅಂತನಾ?"

ಹೌದ್ರಿ ಅಂದೆ.

"ಉಲ್ಟಾ ಅದ ಅದು. ನಿಮ್ಮ ತಮ್ಮ ದಣಿದು ಒಂದಿನ ಹೂಂ ಅಂದುಬಿಟ್ಟ ಅಂತ ತಿಳ್ಕೊಳ್ರಿ. ಆವಾಗ ಜೀವಂತ ಹುಡುಗೀನ್ನ ಹುಡುಕೂದು ನಿಲ್ತದ. ಹೆಣ ಹುಡುಕೂದು ಸುರು ಆಗ್ತದ."

ನಾನು ಕುರ್ಚಿ ಗಟ್ಟಿ ಹಿಡಕೊಂಡೆ. ಅಷ್ಟು ದಿನದಾಗ ಹೆಣ ಅನ್ನೂ ಮಾತು ನನ್ನ ಮುಂದ ಯಾರೂ ಆಡಿರಲಿಲ್ಲ. ಈಯಮ್ಮ ಆಡಿದ್ರು, ಆಮ್ಯಾಲ ನೀರಿನ ಗ್ಲಾಸ್ ನನ್ನ ಕಡಿಗಿ ಸರಿಸಿದ್ರು. "ನಾಳಿ ದೋರನಹಳ್ಳಿಗಿ ಬರ್ರಿ ಮೇಡಂ" ಅಂದೆ.

ಮನಿಗಿ ಬಂದು ನಮ್ಮ ಮನಿಯವ್ರಿಗೆ ಎದುರಿಗೇ ಹೇಳಿದೆ. "ರೀ, ವಕೀಲ್ರನ್ನ ಗೊತ್ತು ಮಾಡಿ ಬಂದೀನಿ. ನಿಮಗ ಮನಸ್ಸಿದ್ರ ಬರ್ರಿ, ಇಲ್ಲಂದ್ರ ಇಲ್ಲೇ ಕೂಡ್ರಿ."  ಮರುದಿನ ಅವರೇ ಗಾಡಿ ತಗದ್ರು, ನಮ್ಮ ಅತ್ತಿನೂ ಹತ್ತಿ ಕೂತ್ರು. ಬೀಗರ ಮನ್ಯಾಗ ಏನು ನಡಸ್ಯಾರ ನೋಡ್ತೀನಿ ಅನ್ನೂ ಹಟ.

ದೋರನಹಳ್ಳ್ಯಾಗ ನನ್ನ ತಮ್ಮ ವಕೀಲ್ರು ತಂದಿದ್ದ ವಕಾಲತ್ತಿನ ಕಾಗದಕ್ಕ ಸಹಿ ಹಾಕಾಕ ಒಲ್ಲೆ ಅಂದ. "ಬ್ಯಾಡ ಅಕ್ಕಾ. ಜನ ಏನಂತಾರ?"

"ಜನಕ್ಕ ಬೆಂಕಿ ಹಚ್ಚಲಿ! ನಿನ್ನ ಸಲುವಾಗಿ ಅಲ್ಲೋ, ನನ್ನ ಕೂಸಿನ ಸಲುವಾಗಿ ಹಾಕು" ಅಂದೆ. ಆಗ ಹಾಕಿದ.

ವಕೀಲ್ರು ನಮ್ಮ ಮನಿಯವ್ರನ್ನ, ಅತ್ತೀನ್ನ ಪಡಸಾಲಿಗಿ ಕಳಿಸಿ, ನನ್ನನ್ನ ಒಳಗ ಇಟ್ಟುಕೊಂಡು ಅವನ್ನ ಕೇಳಿದ್ರು. "ಕೆನಾಲ್ ಅಂತ ನಿನಗ ಯಾರು ಹೇಳಿದ್ರಪಾ?"  ಇವನ ಕೈ ತಾನಾಗೇ ಕೊರಳಾಗಿನ ಲಿಂಗಕ್ಕ ಹೋತು. ಕಣ್ಣು ಅಡಗಿ ಮನಿ ಕಡಿಗಿ ಹೊಳ್ಳಿದ್ವು. ಅಲ್ಲಿ ನಮ್ಮವ್ವ ಒಲಿ ಮುಂದ ಸುಮ್ನ ಕೂತಿದ್ಲು, ಒಲಿ ಹೊತ್ತಿಸಿರಲೂ ಇಲ್ಲ.

ನನಗೆ ಆವಾಗ ತಿಳೀತು. ಎದ್ದು ಹೋಗಿ ಅವ್ವನ ಎದುರಿಗಿ ಕೂತೆ. "ಯವ್ವಾ, ಏನು ಆಣಿ ಹಾಕಿಸ್ಕೊಂಡೀದಿ?"

ನಮ್ಮವ್ವ ಸೆರಗು ಬಾಯಿಗಿ ಒತ್ತಿ ಅಳಾಕತ್ಲು. ವನದುರ್ಗದ ಕಡಿಗಿ ಮೈಮ್ಯಾಲ ದೇವ್ರು ಬರೂ ಹೆಣ್ಣುಮಗಳು ಒಬ್ಬಾಕಿ ಅದಾಳ. ನಮ್ಮವ್ವ ಯಾರಿಗೂ ಹೇಳದಂಗ ಆಕಿ ಹಂತ್ಯಾಕ ಹೇಳಿಕಿ ಕೇಳಾಕ ಹೋಗಿದ್ಲು. ಆಕಿ, ಇಲ್ಲೇ ಕೆನಾಲ್ ನೀರಿನ ದಂಡಿಗಿ ಅದಾಳ ನೋಡ್ರಿ ಅಂದಾಳ. ನಮ್ಮವ್ವ ಬಂದು ಮಗನಿಗಿ ಹೇಳ್ಯಾಳ. ಆದ್ರ ನಮ್ಮದು ಲಿಂಗ ಕಟ್ಟಿದ ಮನಿ, ನನ್ನ ಅತ್ತಿ ಮನಿಯವ್ರಂತೂ ಬ್ಯಾರೆ ದೇವ್ರ ಅಂಗಾರ ಬೂದಿ ಹಚ್ಚಿದ್ರ ಹಣಿ ತೊಳಸೂ ಮಂದಿ. ಹೇಳಿಕಿ ಕೇಳಿದ್ದು ಗೊತ್ತಾದ್ರ ನನ್ನನ್ನ ಅತ್ತಿ ಬದುಕಗೊಡೂದಿಲ್ಲ ಅಂತ ಅಂಜಿ, "ನನ್ನ ಹೆಸರು ಬಾಯಾಗ ಬರಬಾರದು" ಅಂತ ಲಿಂಗ ಮುಟ್ಟಿಸಿ ಆಣಿ ತಗೊಂಡಿದ್ಲು. ಈ ಪುಣ್ಯಾತ್ಮ ಆಣಿ ಮುರೀಬಾರದಂತ ಠಾಣಾದಾಗ ಎಲ್ಲಾದಕ್ಕೂ "ಗೊತ್ತಿಲ್ಲ" ಅಂದುಕೋತ ಕೊರಳು ಕೊಟ್ಟು ಕೂತಿದ್ದ.

ಸಿಟ್ಟು ನೆತ್ತಿಗೇರಿತು. "ನನ್ನ ಸಂಸಾರ ಉಳಸಾಕ ನನ್ನ ಮಗಳನ್ನೂ ನಿನ್ನ ಮಗನ್ನೂ ಕಳೀತಿದ್ದೆಲ್ಲೇ ಯವ್ವಾ!" ಅಂದೆ. ಅವ್ವಗ ಅಂತ ಮಾತು ಹಿಂದ ಎಂದೂ ಆಡಿದ್ದಿಲ್ಲ.

ವಕೀಲ್ರು ಬಾಗಲಕ್ಕ ಬಂದು ನಿಂತಿದ್ರು. "ಆಣಿ ಹಾಕಿದವ ಅವ. ನೀವೇನು ಆಣಿ ಹಾಕಿಲ್ಲಲ್ಲ ತಾಯಿ? ನೀವೇ ಬಂದು ಹೇಳ್ರಿ."

ನಮ್ಮವ್ವ ಕಣ್ಣೊರಸಿಕೊಂಡು ಎದ್ಲು. ಪಡಸಾಲ್ಯಾಗ ಕೂತಿದ್ದ ನಮ್ಮ ಅತ್ತಿ ಮುಂದ ನಿಂತು ಮೊದಲು ಅವರಿಗೇ ಹೇಳಿದ್ಲು.  "ಬೀಗತೆವ್ವಾ, ಹೇಳಿಕಿ ಕೇಳಾಕ ನಾ ಹೋಗಿದ್ದೆ. ಬೈಯೂದಿದ್ರ ನನ್ನ ಬೈರಿ, ನನ್ನ ಮಗಳನ್ನ ಏನೂ ಅನಬ್ಯಾಡ್ರಿ." ನಮ್ಮ ಅತ್ತಿ ಏನಂತಾರೋ ಅಂತ ನಾನು ಅವರ ಮಾರಿನೇ ನೋಡಾಕತ್ತಿದ್ದೆ. ಅವರು ಎದ್ದು ಸೆರಗು ಸರಿಮಾಡ್ಕೊಂಡು, "ಮೊದಲ ಹೇಳಬಾರದಿತ್ತೇನ್ರಿ? ನಡೀರಿ ಜಲ್ದಿ" ಅಂದ್ರು. ಆ ಮಾತಿಗಿ ಇವತ್ತಿಗೂ ಅವರ ಎಷ್ಟೋ ಜಿಗಟುತನ ನಾನು ಮಾಫ್ ಮಾಡೀನಿ.

ಠಾಣಾದಾಗ ನಮ್ಮವ್ವನ ಬಯಾನು ಬರಕೊಂಡ್ರು. ಸಾಹೇಬ್ರು ಹಣಿ ತಿಕ್ಕೋತ ಕೂತು ಕೇಳಿದ್ರು, ನಗಲಿಲ್ಲ. ವಕೀಲ್ರು ನನ್ನ ತಮ್ಮನ ಬಾಜೂಕ ಕುರ್ಚಿ ಎಳಕೊಂಡು, "ಈಗ ಆಣಿ ಮುಗೀತು. ಅವತ್ತು ಏನಾತು, ಸಣ್ಣದೂ ಬಿಡದಂಗ ಸಾಹೇಬ್ರಿಗಿ ಹೇಳು" ಅಂದ್ರು.

ಅಷ್ಟು ದಿನದ ಮ್ಯಾಲ ಅವ ಬಾಯಿ ಬಿಟ್ಟ. ಬಸ್ ಸ್ಟ್ಯಾಂಡಿನ್ಯಾಗ ಹುಡುಗಿ ಅವ್ವನ ಹಂತ್ಯಾಕ ಹೋಗ್ತೀನಿ ಅಂತ ಹಟ ಹಿಡದಿತ್ತಂತ. ಸೋದರಮಾವ ಅಲ್ಲೇನು, ಕಾಡಸೂದು ಅವನ ಹಕ್ಕು. "ಅಗೋ ನೋಡು ಆ ಕಂಬದ ಹಂತ್ಯಾಕ ನಿಂತದಲ್ಲ, ಅದೇ ಸುರಪುರದ ಬಸ್ಸು. ಹತ್ತಿ ಹೋಗು, ನನಗೂ ಪೀಡಾ ತಪ್ತದ" ಅಂತ ಚಾಷ್ಟಿ ಮಾಡಿ ಹಣ್ಣಿಗಿ ಹೋಗಿದ್ದ. ತಾನೇ ಹತ್ತು ಅಂದೀನಿ ಅನ್ನೂದು ಎದಿಯಾಗ ಮುಳ್ಳಾಗಿ ಕೂತಿತ್ತು, ಯಾರ ಮುಂದೂ ಹೇಳಿರಲಿಲ್ಲ. ಸಾಹೇಬ್ರು ಎದ್ದು ನಿಂತ್ರು. "ಯಾವ ಕಂಬ?" ಅಂದ್ರು.

ಆ ಕಂಬದ ಹಂತ್ಯಾಕಿದ್ದ ಸುರಪುರದ ಬಸ್ಸು ಇವ ಹಣ್ಣಿಗಿ ಹೋದ ಕೂಡಲೇ ಹೋಗಿತ್ತು, ಅದೇ ಜಾಗಾಕ್ಕ ಯಾದಗಿರಿ ಬಸ್ಸು ಬಂದು ನಿಂತಿತ್ತು. ಯಾದಗಿರಿ ಬಸ್ಸಿನ ಕಂಡಕ್ಟರ್‌ಗಳನ್ನ ಕೇಳಿದ್ರು. ಒಬ್ಬಾಂವಗ ನೆನಪಿತ್ತು, ದುಡಿಯಾಕ ಹೊಂಟ ಮಂದಿ ಗಂಟು ಮೂಟಿ ನಡುವ ಒಂದು ಹುಡುಗಿ ಮಲಗಿತ್ತು, ಅವರದೇ ಕೂಸು ಅಂತ ತಿಳ್ಕೊಂಡಿದ್ದ. ಆ ಮಂದಿ ಹಿಂದ ಹಿಂದ ಹೋಗಿ ನನ್ನ ಮಗಳು ರೈಲು ಹತ್ತಿಬಿಟ್ಟಿದ್ಲು. ರೈಲಿನ ಪೊಲೀಸ್ರಿಗೆ ಫೋಟೋ ಹೋತು. ಸೊಲ್ಲಾಪುರದಾಗ ಕಳದುಹೋದ ಮಕ್ಕಳನ್ನ ಇಟ್ಟುಕೊಳ್ಳೂ ಒಂದು ಮನ್ಯಾಗ ಹೆಸರು ಸುದ್ದಾ ಹೇಳದ ಒಂದು ಹುಡುಗಿ ಅದಾಳ ಅಂತ ಸುದ್ದಿ ಬಂತು. ಹೋದ್ವಿ. ನನ್ನ ನೋಡಿ ಓಡಿ ಬರಲಿಲ್ಲ. ನಿಂತಲ್ಲೇ ನಿಂತು, "ನೀ ಯಾಕ ಜಲ್ದಿ ಬರಲಿಲ್ಲ?" ಅಂದ್ಲು. ನಾನು ನೆಲಕ್ಕ ಕುಸದು ಕೂತೆ.

ಕೇಸು ಮುಗೀತು. ಆಮ್ಯಾಲ ಒಂದು ಸಲ ದೋರನಹಳ್ಳಿಗಿ ಹೋದಾಗ ಮಗಳು ಅಂಗಳದಾಗ ಆಡಾಕತ್ತಿದ್ಲು. ನನ್ನ ತಮ್ಮ ನನ್ನ ಬಾಜೂಕ ಕಟ್ಟಿ ಮ್ಯಾಲ ಕೂತಿದ್ದ. ನಾನು ಏನೂ ಕೇಳಿರಲಿಲ್ಲ.

"ಅಕ್ಕಾ, ವಕೀಲ್ರು ಬಂದ ದಿನ ಬರಲಿಲ್ಲ ಅಂದಿದ್ರ, ಮರುದಿನ ನಾನೇ ಕೊಂದೀನಿ ಅಂತ ಹೇಳೂದಿತ್ತು" ಅಂದ. "ಕೇಳಿ ಕೇಳಿ ಸಾಕಾಗಿತ್ತು. ಎಲ್ಲಿ ಹುಗದೀದಿ ಅಂತ ಕೇಳ್ತಾರಲ್ಲ, ಅದಕ್ಕ ಒಂದು ಜಾಗಾನೂ ನೋಡಿ ಇಟ್ಟಿದ್ದೆ."

ನಾನು ಅವನ ಕಪಾಳಕ್ಕ ಬಾರಿಸಿದೆ. ಆಮ್ಯಾಲ ಅವನ ತಲಿ ಎದಿಗಿ ಒತ್ತಿ ಹಿಡಕೊಂಡು ಇಬ್ಬರೂ ಅತ್ವಿ. ಮಗಳು ಆಟ ಬಿಟ್ಟು ಬಂದು, "ಅವ್ವಾ, ಮಾವಗ ಯಾಕ ಹೊಡದಿ?" ಅಂತ ನನ್ನ ಕೈ ಹಿಡದು ಜಗ್ಗಾಕತ್ಲು.