ಆರಾಮ್ ಅದೀನ್ರಿ

ಎಡಗಡೆಯ ಕೆಳದವಡೆ, ಹಿಂದಿನಿಂದ ಎರಡನೆಯ ಹಲ್ಲು. ಅದರ ಬೇರಿನೊಳಗೆ ಕೂದಲಿಗಿಂತ ತುಸು ದಪ್ಪನೆಯ ಒಂದು ಸೂಜಿಯ ಮುರುಕು. ಸುರಪುರದ ನಮ್ಮ ಕಾಕಿ ಅದರ ಸುಳಿವೇ ಇಲ್ಲದೆ ಎರಡು ಎಳ್ಳಮವಾಸ್ಯೆಗಳ ಸಜ್ಜೆರೊಟ್ಟಿಯನ್ನು ಬಲಗಡೆಯಿಂದಲೇ ಅಗಿದಿದ್ದಾಳೆ. ಶಹಾಪುರದ ದಂತವೈದ್ಯರೊಬ್ಬರು ಬೇರು ಸ್ವಚ್ಛ ಮಾಡುವಾಗ ಮುರಿದದ್ದದು. ಹೋದ ವಾರ ಯಾದಗಿರಿಯ ಇನ್ನೊಬ್ಬ ವೈದ್ಯೆ ಎಕ್ಸ್‌ರೇ ತೆಗೆದು ತೋರಿಸಿದರು. ಕಾಕಿ ನೇರ ನನ್ನ ಬಳಿ ಬಂದಳು. ನಾನು ಕಾನೂನು ಓದಿದವಳು. ಮನೆಯವರ ಪ್ರಕಾರ ಆ ಓದು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

"ದುಡ್ಡು ಗಿಡ್ಡು ಬ್ಯಾಡ. ‘ಹೌದ್ರಿ, ಮುರೀತು’ ಅಂತ ಅವರ ಬಾಯಿಲೆ ಅನ್ನಸು, ಸಾಕು" ಎಂದಳು.

ಗ್ರಾಹಕ ಕಾನೂನು ದೂರಿಗೆ ಎರಡು ವರ್ಷದ ಗಡುವು ಕೊಡುತ್ತದೆ. ನಮ್ಮ ಕಡೆಯವರ ಬಾಯಲ್ಲಿ ಅದು ಮುದ್ದತ್. ಎಣಿಕೆ ಎಲ್ಲಿಂದ? ಸೂಜಿ ಮುರಿದ ದಿನದಿಂದಲೋ, ಮುರಿದದ್ದು ಗೊತ್ತಾದ ದಿನದಿಂದಲೋ? ಮೊದಲನೆಯದಾದರೆ ಬರುವ ವಾರವೇ ಮುಗಿಯಿತು.

"ನಿನಗ ಯಾವಾಗ ಗೊತ್ತಾತು ಕಾಕಿ?"

"ಹಲ್ಲಿಗೆ ಅವತ್ತೇ ಗೊತ್ತಾಗಿತ್ತು ತಂಗಿ. ನನಗ ಹೋದ ವಾರ ಗೊತ್ತಾತು."

ಹಲ್ಲಿನ ತಿಳಿವಳಿಕೆಯನ್ನು ಒಡತಿಯ ಲೆಕ್ಕಕ್ಕೆ ಹಾಕಬಹುದೇ? ನ್ಯಾಯಾಲಯಗಳು ಹೆಚ್ಚಾಗಿ ಒಡತಿಯ ಪರ ಎಂದು ಓದಿದ ನೆನಪು. ಆದರೂ ವಾದಕ್ಕೆ ಎಡೆಗೊಡದೆ ಮೊದಲೇ ಹೋಗುವುದು ಮೇಲು.

ಸೂಜಿ ಮುರಿದದ್ದೇ ತಪ್ಪಲ್ಲ. ನುರಿತ ಕೈಯಲ್ಲೂ ಮುರಿಯುತ್ತದಂತೆ. ಕಾನೂನು ವೈದ್ಯರಿಂದ ಪವಾಡ ಕೇಳುವುದಿಲ್ಲ. ಅದೇ ಕೆಲಸದ ಸಾಧಾರಣ ಬಲ್ಲವರು ವಹಿಸುವಷ್ಟು ಎಚ್ಚರ ಕೇಳುತ್ತದೆ. ಮುರಿದದ್ದನ್ನು ರೋಗಿಗೆ ಹೇಳುವುದೂ ಆ ಎಚ್ಚರದಲ್ಲಿ ಸೇರಿದೆ. ಅವರು ಹೇಳಿರಲಿಲ್ಲ. ಹಾಗಾದರೆ ಕಾಕಿ?

"ನೋಯಾಕತ್ತದ ಅಂತ ನೀನರ ಹೇಳ್ದೇನು?"

"ವಾರ ಬಿಟ್ಟು ಹೋಗಿದ್ನೆಲ್ಲ. ಗಲ್ಲ ಬಾತಿತ್ತು. ‘ಆರಾಮ್ ಅದೀರೇನ್ರಿ ಅಮ್ಮಾ’ ಅಂದ್ರು. ‘ಆರಾಮ್ ಅದೀನ್ರಿ’ ಅಂದೆ."

"ಕಾಕಿ!"

"ಮತ್ತೇನಂತಾರ? ಅಷ್ಟು ಮರ್ಯಾದಿಲೆ ಕೇಳ್ಯಾರ, ಇಲ್ಲ ಅನ್ನಾಕ ಬರ್ತದೇನು?"

ಬರುವುದಿಲ್ಲ, ನಿಜ. ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಮೈ ಸುಡುತ್ತಿದ್ದರೂ ಉತ್ತರ ಒಂದೇ. ನನಗಂತೂ ಆ ಮಾತು ಬಲು ಅನುಕೂಲ. ಆರಾಮ್ ಎಂದು ನಕ್ಕರೆ ಒಳಗಿನಿಂದ ಚಿಲಕ ಹಾಕಿಕೊಂಡಂತೆ. ಆದರೆ ಎದುರಿನ ವಕೀಲರ ಬಾಯಲ್ಲಿ ಅದೇ ಉಪಚಾರ ಸಾಕ್ಷ್ಯವಾಗಿಬಿಡುತ್ತದೆ: ರೋಗಿಯೇ ಆರಾಮ್ ಎಂದಿದ್ದಾರಲ್ಲ!

ಮರುದಿನ ಬೆಳಿಗ್ಗೆ ಕಾಕಿಯನ್ನು ಯಾದಗಿರಿಯ ಗ್ರಾಹಕರ ಆಯೋಗಕ್ಕೆ ಕರೆದೊಯ್ದೆ. ದೂರು ತೆಗೆದುಕೊಳ್ಳುವ ಗುಮಾಸ್ತರು ತಲೆಯೆತ್ತಿ ನಕ್ಕರು. "ಬರ್ರಿ ಅಮ್ಮಾ, ಆರಾಮ್ ಅದೀರೇನ್ರಿ?"

ಕಾಕಿ ಬಾಯಿ ತೆರೆಯುವ ಮೊದಲೇ ನಾನು, ಹುಟ್ಟಿದ ಮೇಲೆ ಮೊದಲ ಸಲ, "ಇಲ್ರಿ" ಎಂದೆ.