ಖಾಲಿ ಬಕೆಟ್ಟಿನ ವರದಿ

ಕಳೆದ ಗುರುವಾರ ಬೆಳಗ್ಗೆ ಏಳು ಗಂಟೆಗೆ ಪಕ್ಕದ ಮನೆಯ ಪ್ಯಾರೇಜಾನ್ ಸಾಬರು ಚಿಂತಾಮಣಿಯ ನಮ್ಮ ಮನೆಗೆ ಬಂದು ನನ್ನ ಕೈಗೆ ಒಂದು ಹಳೆಯ ಚೀಲ ಕೊಟ್ಟು ಹೋದರು. ದಪ್ಪ ಬಟ್ಟೆಯ ಚೀಲ, ಮೊಳದಷ್ಟು ಆಳ, ಬಾಯಿಯ ಎರಡು ಕಡೆಗೂ ಹೊಲಿದ ಚರ್ಮದ ಪಟ್ಟಿ. ಮೂಗಿನ ಹತ್ತಿರ ತಂದರೆ ನೆನೆದ ಬೂಸ, ಬೆಲ್ಲ ಮತ್ತು ಕುದುರೆಯ ಉಸಿರು ಮೂರೂ ಬೆರೆತ ವಾಸನೆ. ನಾನದನ್ನು ಊಟದ ಮೇಜಿನ ಮೇಲಿಟ್ಟಿದ್ದೆ. ನನ್ನ ಹೆಂಡತಿ ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಹಿತ್ತಲ ಮೊಳೆಗೆ ತೂಗುಹಾಕಿದಳು. ಇದೇನು ಎಂದು ಅವಳು ಕೇಳಲಿಲ್ಲ. ಎರಡು ವರ್ಷದ ಹಿಂದಿನ ಕಥೆ ಅವಳಿಗೆ ಗೊತ್ತು, ನಮ್ಮ ಬೀದಿಗೆಲ್ಲ ಗೊತ್ತು. ನಿಮಗೊಬ್ಬರಿಗೆ ಗೊತ್ತಿಲ್ಲ, ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ.

ನಾನು ಪತ್ರಿಕೆಯ ವರದಿಗಾರನಾಗಿದ್ದವನು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನಾನು ಬಸ್ಸಿಗೆ ಕಾಯದ ನಿಲ್ದಾಣವಿಲ್ಲ. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಇದನ್ನು ಹೇಳಲು ಮರೆತರೆಂದು ಕೊನೆಗೆ ನಾನೇ ಎದ್ದು ನಿಂತು ಹೇಳಿಕೊಂಡೆ. ಉದಾಹರಣೆಯನ್ನೂ ಕೊಟ್ಟೆ. ಒಮ್ಮೆ ಕುಡುಮಲಕುಂಟೆಯ ಒಂದು ಕಾರ್ಖಾನೆಯ ಮುಂದೆ ಕಾರ್ಮಿಕರು ಧರಣಿ ಕೂತಿದ್ದರು. ಎಷ್ಟು ಜನ ಎಂದರೆ ಮುಖಂಡರದು ಒಂದು ಲೆಕ್ಕ, ಪೊಲೀಸರದು ಇನ್ನೊಂದು. ನಾನು ಶಾಮಿಯಾನದ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ಎಣಿಸಿ ಎರಡರಿಂದ ಭಾಗಿಸಿ ಬರೆದೆ. ಸಭಿಕರು ಚಪ್ಪಾಳೆ ತಟ್ಟಿದರು. ಚಪ್ಪಲಿ ಎಣಿಸುವುದು ಬೇರೆ, ಜನರನ್ನು ಎಣಿಸುವುದು ಬೇರೆ ಎಂದು ಅವತ್ತು ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆಯಲಿಲ್ಲ.

ಪ್ಯಾರೇಜಾನ್ ಸಾಬರು ಜಟಕಾ ಓಡಿಸುತ್ತಿದ್ದರು. ಬಿಜ್ಲಿ ಅವರ ಕುದುರೆ. ಕುದುರೆ ಎನ್ನುವುದು ಮರ್ಯಾದೆಗೆ. ನನ್ನ ಎದೆಯೆತ್ತರದ ತಟ್ಟು ಅದು, ಕಂದು ಬಣ್ಣ, ಹಣೆಯಲ್ಲಿ ಮಿಂಚಿನ ಹಾಗೆ ಸೊಟ್ಟಗಿಳಿದ ಬಿಳಿ ಗೆರೆ. ಹೆಸರು ಬಂದದ್ದು ಆ ಗೆರೆಯಿಂದ, ವೇಗದಿಂದಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳೂ ಅದರ ಗಾಡಿಯಲ್ಲೇ ಸ್ಕೂಲಿಗೆ ಹೋಗಿ ಬಂದವರು; ಇಬ್ಬರೂ ತಡವಾಗಿ ಹೋದವರು. ಆಟೋಗಳು ಹೆಚ್ಚಿ ಜಟಕಾ ನಿಂತ ಮೇಲೆ ಸಾಬರು ಗಾಡಿಯನ್ನು ಮಾರಿದರು, ಬಿಜ್ಲಿಯನ್ನು ಮಾರಲಿಲ್ಲ. “ಗಾಡಿ ಮರದ್ದು ಸಾರ್, ಮಾರಬೋದು” ಎಂದಿದ್ದರು.

ಎರಡು ವರ್ಷದ ಹಿಂದೆ ಬಿಜ್ಲಿ ಮೇವು ಬಿಟ್ಟಿತು. ನೆಲ ಕೆರೆಯುವುದು, ಮಲಗುವುದು, ಏಳುವುದು, ತಿರುಗಿ ತನ್ನ ಹೊಟ್ಟೆಯನ್ನೇ ನೋಡುವುದು. ನಮ್ಮೂರಿನ ಪಶುವೈದ್ಯರು ಹಸು ಎಮ್ಮೆಗಳ ಕಡೆಯವರು. ಶಿಡ್ಲಘಟ್ಟದಲ್ಲಿದ್ದ ಒಬ್ಬ ಯುವ ಡಾಕ್ಟರಮ್ಮನ ನಂಬರು ಕೊಟ್ಟರು. ಆಕೆ ಬಂದು ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹಲ್ಲು ಸವೆದು ಹೋಗಿವೆ, ಅಗಿಯದೆ ನುಂಗಿದ ಹುಲ್ಲು ಕರುಳಲ್ಲಿ ಗಟ್ಟಿಯಾಗಿ ಕೂತಿದೆ ಎಂದರು. ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹೊಯ್ದರು. ಎರಡನೆಯ ದಿನ ಲದ್ದಿ ಬಿತ್ತು. ಸಾಬರು ಲಾಯದ ಬಾಗಿಲಲ್ಲಿ ಕೂತು ಮುಖ ಮುಚ್ಚಿಕೊಂಡರು.

ಗಂಡಾಂತರ ಮುಗಿದಿರಲಿಲ್ಲ. ಇನ್ನು ಮೂರು ದಿನ ನೀರಲ್ಲಿ ನೆನೆಸಿ ಕಲಸಿದ ಬೂಸವನ್ನಷ್ಟೇ ಕೊಡಬೇಕು, ಅದನ್ನು ತಿಂದರೆ ಉಳಿಯುತ್ತದೆ, ತಿನ್ನದಿದ್ದರೆ ಅದೇ ದಿನ ಡ್ರಿಪ್ ಹಾಕಬೇಕು, ಒಂದು ಹೊತ್ತು ತಪ್ಪಿದರೂ ಈ ವಯಸ್ಸಿಗೆ ತಡೆಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ ಹೋದರು. ಅದೇ ಸಂಜೆ ಕದಿರಿಯಿಂದ ಫೋನು. ಸಾಬರ ಮಗಳನ್ನು ಹೆರಿಗೆಗೆ ಸೇರಿಸಿದ್ದರು, ಸ್ವಲ್ಪ ಕಷ್ಟವಾಗಿತ್ತು. ಅವರ ಹೆಂಡತಿ ಆಗಲೇ ಅಲ್ಲಿದ್ದರು.

“ನೀವ್ ಪೇಪರ್‌ನೋರು ಸಾರ್” ಎಂದರು ಸಾಬರು, ಬಿಜ್ಲಿಯನ್ನು ನನಗೊಪ್ಪಿಸಿ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು. “ನೋಡಿದ್ದು ನೋಡ್ದಂಗೆ ಡಾಕ್ಟ್ರಿಗೆ ಹೇಳಿ ಸಾಕು. ಮಿಕ್ಕಿದ್ದು ಅವ್ರು ನೋಡ್ಕೊಂತಾರೆ.”

ಇದಕ್ಕಿಂತ ತಕ್ಕ ಮನುಷ್ಯ ಸಿಗಲಾರನೆಂದು ನನಗೂ ಅನ್ನಿಸಿತು. ಹೊಸ ನೋಟ್‌ಬುಕ್ ತೆಗೆದೆ. ಮೊದಲ ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಿದೆ: ‘ಚಿಂತಾಮಣಿ, ಸಂಜೆ 6: ಕಳೆದ ನಾಲ್ಕು ದಿನಗಳಿಂದ ಅಸ್ವಸ್ಥಗೊಂಡಿದ್ದ ಕುದುರೆಯು ಸದ್ಯ ಚೇತರಿಸಿಕೊಳ್ಳುತ್ತಿದ್ದು...’ ಓದಿದ ಡಾಕ್ಟರಮ್ಮ ತಕ್ಷಣ ಫೋನು ಮಾಡಿದರು. “ಸಾರ್, ಇಷ್ಟೆಲ್ಲ ಬೇಡ. ತಿಂತಾ, ಕುಡೀತಾ, ಲದ್ದಿ ಹಾಕ್ತಾ, ಮೂರೇ ಹೇಳಿ.”

ನನ್ನ ಹೆಂಡತಿ ಹೈಸ್ಕೂಲ್ ಟೀಚರು, ಅಳೆದು ಮಾತಾಡುವವಳು. “ಮಕ್ಳಿಗೆ ಜ್ವರ ಬಂದಾಗ ಥರ್ಮಾಮೀಟರ್ ಎಲ್ಲೈತೆ ಅಂತ್ಲೂ ಗೊತ್ತಿರ್ಲಿಲ್ಲ ನಿಮ್ಗೆ. ಈಗ ನೋಡಿದ್ರೆ ಲದ್ದಿಗೆ ಟೈಮ್ ಬರ್ಕೊಂತಾ ಇದೀರ” ಎಂದಳು. ಅದನ್ನೂ ಬರೆದುಕೊಳ್ಳಬೇಕಿತ್ತು, ಬಿಟ್ಟೆ.

ಮಾರನೆಯ ಬೆಳಗ್ಗೆ ಬೂಸ ಕಲಸಿ, ಬೆಲ್ಲ ಹಾಕಿ, ಹಳದಿ ಬಕೆಟ್ಟಿನಲ್ಲಿ ತುಂಬಿಸಿ ಬಿಜ್ಲಿಯ ಮುಂದಿಟ್ಟೆ. ಅದು ಒಮ್ಮೆ ಮೂಸಿ ತಲೆ ತಿರುಗಿಸಿತು. ನಾಚಿಕೆಯಿರಬಹುದು, ಎದುರಿಗೆ ನಿಂತರೆ ತಿನ್ನಲಿಕ್ಕಿಲ್ಲ ಎಂದುಕೊಂಡು ನಾನು ಕಾಫಿ ಕುಡಿಯಲು ಒಳಗೆ ಹೋದೆ. ಹೋದವನು ಪೇಪರು ಹಿಡಿದೆ. ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಬಕೆಟ್ಟು ತೊಳೆದಿಟ್ಟಂತೆ ಖಾಲಿ. ನನಗಾದ ಸಂತೋಷಕ್ಕೆ ಅಳತೆಯಿಲ್ಲ. ನಡುಮನೆಯಲ್ಲಿ, ಬುದ್ಧನ ಪಟದ ಕೆಳಗಿನ ಸೋಫಾದಲ್ಲಿ ಕೂತು ಫೋನು ಮಾಡಿ ಹೇಳಿದೆ: “ಪೂರ್ತಿ ತಿಂದಿದೆ ಮೇಡಂ. ಒಂದಗುಳೂ ಬಿಟ್ಟಿಲ್ಲ.”

“ಒಳ್ಳೇದಾಯ್ತು ಸಾರ್. ಹಂಗಾದ್ರೆ ಇವತ್ತು ಬರಲ್ಲ. ಇಲ್ಲೊಂದು ಹಸು ಕರು ಹಾಕೋದಿದೆ.”

ಮಧ್ಯಾಹ್ನ ಎರಡು ಗಂಟೆಗೆ ಹಿಂದಿನ ಮನೆಯ ವೆಂಕಟಲಕ್ಷ್ಮಮ್ಮ ಬಂದರು. ಅವರ ಹಿಂದೆ ಅವರ ಮೇಕೆ, ನಡೆಯುತ್ತಿರಲಿಲ್ಲ, ಉರುಳುತ್ತಿತ್ತು.

“ಏಮ್ ಸಾರ್, ನಮ್ ಮೇಕೆಗೆ ಏನ್ ಹಾಕಿದ್ರಿ? ಹೊಟ್ಟೆ ನೋಡಿ, ಡೋಲು ಆಗೈತೆ. ಮೂತಿ ತುಂಬ ಬೂಸ.”

ನಾನು ಮೇಕೆಯ ಮೂತಿ ನೋಡಿದೆ. ಗಡ್ಡದಲ್ಲಿ ಬೆಲ್ಲ ಅಂಟಿತ್ತು. ಲಾಯಕ್ಕೆ ಓಡಿದೆ. ಬಿಜ್ಲಿ ಮಲಗಿತ್ತು. ಕುತ್ತಿಗೆಯ ಚರ್ಮವನ್ನು ಹಿಡಿದೆಳೆದು ಬಿಟ್ಟರೆ ಅದು ಹಾಗೇ ನಿಂತಿತು, ಹಿಂದಕ್ಕೆ ಹೋಗಲಿಲ್ಲ. ಹಾಗಾದರೆ ಮೈಯಲ್ಲಿ ನೀರಿಲ್ಲವೆಂದು ಅರ್ಥ, ಡಾಕ್ಟರಮ್ಮ ತೋರಿಸಿಕೊಟ್ಟಿದ್ದರು. ಹಿಂದಿನ ಸಂಜೆಯಿಂದ ಅದು ಒಂದು ತುತ್ತೂ ತಿಂದಿರಲಿಲ್ಲ.

ಪತ್ರಿಕೆಯಲ್ಲಿದ್ದಾಗ ನನ್ನ ತಪ್ಪುಗಳಿಗೂ ತಿದ್ದುಪಡಿ ಹಾಕಿದ್ದಿದೆ. ಒಳಪುಟದ ಮೂಲೆಯಲ್ಲಿ, ಕನ್ನಡಕವಿದ್ದವರಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಈ ತಿದ್ದುಪಡಿಯನ್ನು ವೆಂಕಟಲಕ್ಷ್ಮಮ್ಮನ ಎದುರಿಗೆ, ಗಟ್ಟಿಯಾಗಿ, ಫೋನಿನಲ್ಲಿ ಓದಬೇಕಾಯಿತು.

ಡಾಕ್ಟರಮ್ಮ ಕೇಳಿದರು, “ಬೆಳಗ್ಗೆ ನೀವು ನೋಡಿದ್ದು ಕುದುರೆ ತಿನ್ನೋದನ್ನೋ, ಬಕೆಟ್ಟನ್ನೋ?”

“ಬಕೆಟ್ಟನ್ನ.”

“ಎಬ್ಬಿಸಿ ನಿಲ್ಲಿಸಿ. ಬರ್ತೀನಿ.”

ನಾನೂ ವೆಂಕಟಲಕ್ಷ್ಮಮ್ಮನೂ ಸೇರಿ ಎಬ್ಬಿಸಿದೆವು. ನಿಜ ಹೇಳಬೇಕೆಂದರೆ ಅವರು ಎಬ್ಬಿಸಿದರು, ನಾನು ಬಾಲದ ಕಡೆ ನಿಂತಿದ್ದೆ. ನಾಲ್ಕು ಗಂಟೆಗೆ ಡಾಕ್ಟರಮ್ಮ ಬಂದರು, ಕರು ಹಾಕಿಸುವಾಗ ತೋಳಿಗೆ ಅಂಟಿದ್ದನ್ನು ತೊಳೆದುಕೊಳ್ಳಲೂ ನಿಂತಿರಲಿಲ್ಲ. ನನ್ನನ್ನು ಬೈಯಲಿಲ್ಲ. ಕುತ್ತಿಗೆಗೆ ಸೂಜಿ ಹಾಕಿ, ಬಾಟಲಿ ನನ್ನ ಕೈಗೆ ಕೊಟ್ಟು, “ಎತ್ತಿ ಹಿಡೀರಿ, ಇಳಿಸ್ಬೇಡಿ” ಎಂದರು. ಒಂದಾದ ಮೇಲೊಂದು ಬಾಟಲಿ. ಬಿಜ್ಲಿ ತನ್ನ ತಲೆಯ ಭಾರವನ್ನೆಲ್ಲ ನನ್ನ ಭುಜದ ಮೇಲೆ ಹಾಕಿ ನಿಂತಿತ್ತು. ಅದರ ಕಣ್ಣು ನನ್ನ ಕೆನ್ನೆಯ ಪಕ್ಕದಲ್ಲಿ. ರೆಪ್ಪೆ ಬಡಿದಾಗಲೆಲ್ಲ ಕೂದಲು ತಾಗುತ್ತಿತ್ತು. ಮಕ್ಕಳನ್ನು ಸ್ಕೂಲಿಗೆ ಒಯ್ಯುತ್ತಿದ್ದ ಅಷ್ಟೂ ವರ್ಷ ನಾನದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮೇಕೆಗೂ ಔಷಧಿ ಆಯಿತು. “ಪೇಪರ್‌ನಾಗೆ ಹಾಕಿ ಸಾರ್, ಕುದ್ರೆ ಊಟ ಮೇಕೆ ಉಂಡ್ತು ಅಂತ” ಎಂದು ವೆಂಕಟಲಕ್ಷ್ಮಮ್ಮ ಅದನ್ನು ಎಳೆದುಕೊಂಡು ಹೋದರು.

ಮುಂದಿನ ಎರಡು ದಿನ ನಾನು ಬೂಸವನ್ನು ಅಂಗೈಯಲ್ಲಿ ಹಿಡಿದು ತಿನ್ನಿಸಿದೆ. ನಾಲ್ಕು ಹಿಡಿಯಲ್ಲಿ ಒಂದು ಒಳಗೆ ಹೋಗುತ್ತಿತ್ತು, ಮೂರು ನನ್ನ ಪಂಚೆಯ ಮೇಲೆ. ಪ್ರತಿ ತುತ್ತಿಗೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ಡ್ರಿಪ್ ಮಾತ್ರ ನಿಲ್ಲಿಸುವ ಹಾಗಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಪ್ಯಾರೇಜಾನ್ ಸಾಬರು ಬಂದರು. ಮೊಮ್ಮಗಳು ಹುಟ್ಟಿದ್ದಳು, ಮಗಳು ಚೆನ್ನಾಗಿದ್ದಳು. ಸಿಹಿ ಕೊಡಲು ಕೈ ಚಾಚಿದವರಿಗೆ ನಾನು ಎಲ್ಲವನ್ನೂ ಹೇಳಿದೆ, ಬಕೆಟ್ಟು, ಮೇಕೆ, ಕಾಫಿ, ಪೇಪರು. ಅವರು ಸಿಟ್ಟಾಗಬಹುದೆಂದು ಕಾದೆ. ಅವರು ಬಕೆಟ್ಟನ್ನೇ ನೋಡುತ್ತಿದ್ದರು.

“ಇದ್ರಲ್ಲಿ ಕೊಟ್ರಾ? ಬಕೆಟ್ ಅಂದ್ರೆ ನೀರು ಸಾರ್ ಅವ್ಳಿಗೆ. ಕುಡಿಯೋ ನೀರಲ್ಲಿ ಯಾರೋ ಬೂಸ ಕಲಸಿಟ್ಟವ್ರೆ ಅಂದ್ಕೊಂಡಿರ್ತಾಳೆ, ಪಾಪ. ತೋಬ್ರಾ ಕಟ್ಲಿಲ್ವಾ?”

ತೋಬ್ರಾ ಎಂದರೆ ಕುದುರೆಯ ಮೂತಿಗೆ ಕಟ್ಟುವ ಮೇವಿನ ಚೀಲ. ಅದು ಲಾಯದ ಗೋಡೆಯಲ್ಲಿ, ಬಕೆಟ್ಟಿಗೆ ಸರಿಯಾಗಿ ಮೇಲೆ, ಮೊಳೆಗೆ ನೇತಾಡುತ್ತಿತ್ತು. ಜಟಕಾ ಸ್ಟ್ಯಾಂಡಿನಲ್ಲಿ ಬಿಜ್ಲಿ ಆ ಚೀಲದೊಳಗೆ ಮುಖವಿಟ್ಟು ನಿಂತಿರುವುದನ್ನು ನಾನು ವರ್ಷಗಟ್ಟಲೆ, ದಿನವೂ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನೋಡಿದ್ದೆ.

“ನಾನ್ ಹೇಳ್ಲಿಲ್ವಾ?” ಎಂದರು ಸಾಬರು.

“ಇಲ್ಲ.”

“ನೀವ್ ಕೇಳ್ಲಿಲ್ವಾ?”

“ಇಲ್ಲ.”

“ಹಂಗಾದ್ರೆ ಇಬ್ರುದೂ ಆಯ್ತು, ಬಿಡಿ.”

ಬೂಸ ತುಂಬಿ ಚೀಲ ಕಟ್ಟಿದರು. ಒಳಗಿನಿಂದ ಮೆಲ್ಲಗೆ ಅಗಿಯುವ ಸದ್ದು ಬಂತು. ನಾವಿಬ್ಬರೂ ಅದನ್ನೇ ಕೇಳುತ್ತ ನಿಂತೆವು. ಆಮೇಲೆ ಅವರು ಡಬ್ಬಿ ತೆಗೆದು ನನ್ನ ಬಾಯಿಗೂ ಸಿಹಿ ಇಟ್ಟರು.

ಈಗ ಅವರ ಮಗಳಿಗೆ ಎರಡನೆಯ ಹೆರಿಗೆ, ಸಾಬರು ಮತ್ತೆ ಕದಿರಿಯಲ್ಲಿದ್ದಾರೆ. ಬಿಜ್ಲಿ ಮತ್ತೆ ಸೊರಗಿದೆ. ಹೋದ ವಾರ ಡಾಕ್ಟರಮ್ಮ ಬಂದು ಪಕ್ಕೆಗೆ ಕಿವಿಗೊಟ್ಟು, “ಈ ಸಲ ಹೊಟ್ಟೆ ಅಲ್ಲ ಸಾರ್, ವಯಸ್ಸು. ತಿನ್ನೋಷ್ಟು ದಿನ ಇರುತ್ತೆ” ಎಂದರು. ಗುರುವಾರ ಚೀಲ ಕೊಡುವಾಗ ಸಾಬರು ಹೇಳಿದ್ದು ಒಂದೇ ಮಾತು: “ಈ ಸಾರಿ ಮೊದ್ಲೇ ಕೊಟ್ಟಿದೀನಿ ಸಾರ್.”

ಇಂದು ಭಾನುವಾರ. ಬೆಳಗ್ಗೆ ಏಳು ಹತ್ತಕ್ಕೆ ಚೀಲ ಕಟ್ಟಿದೆ, ಎಂಟು ಗಂಟೆಗೆ ಬಿಚ್ಚಿದೆ. ಅಷ್ಟೂ ಹೊತ್ತು ಎದುರಿಗೇ ನಿಂತಿದ್ದೆ. ಬಿಜ್ಲಿ ಅರ್ಧ ತಿಂದಿದೆ. ಮೇಕೆಯನ್ನು ಕಟ್ಟಿಹಾಕಲಾಗಿತ್ತು.